ಕಿಟಕಿಗೆ ಕಂಬಳಿ ಕಟ್ಟಿದ ಸಂಜೆ

ನಮ್ಮ ಕಾಲೇಜಿನ ಫಿಲಂ ಕ್ಲಬ್ಬಿಗೆ ಹುಡುಗರು ಯಾಕೆ ಸೇರುತ್ತಿದ್ದೆವು ಅನ್ನೋದನ್ನು ಈಗ ಒಪ್ಪಿಕೊಂಡುಬಿಡುತ್ತೇನೆ. ಯುರೋಪಿನ ಚಿತ್ರಗಳಿಗೆ ಸೆನ್ಸಾರ್ ಕತ್ತರಿ ಬಿದ್ದಿರುವುದಿಲ್ಲ ಎಂದು ಹಾಸ್ಟೆಲಿನಲ್ಲಿ ಸುದ್ದಿಯಿತ್ತು. ಕಲೆಗಿಲೆ ಆಮೇಲಿನ ಮಾತು.

ಮೊದಲ ಸಂಜೆ ಸೆಮಿನಾರ್ ಹಾಲಿನ ಕಿಟಕಿಗಳಿಗೆ ಕಂಬಳಿ ಕಟ್ಟಿ, 16 ಎಂ.ಎಂ. ಪ್ರೊಜೆಕ್ಟರ್‌ನಲ್ಲಿ ತೋರಿಸಿದ್ದು ಫ್ರೆಂಚ್ ನಿರ್ದೇಶಕಿ ಆನ್ಯೆಸ್ ವಾರ್ದಾ ಅವರ 1962ರ ‘ಕ್ಲೆಯೊ ಐದರಿಂದ ಏಳು’. ಫ್ರಾನ್ಸಿನಲ್ಲಿ ಐದರಿಂದ ಏಳು ಅಂದರೆ ಪ್ರೇಮಿಗಳು ಗುಟ್ಟಾಗಿ ಸೇರುವ ಹೊತ್ತಂತೆ. ಯಾರೋ ಇದನ್ನು ಮೊದಲೇ ಹಬ್ಬಿಸಿದ್ದ. ಹಾಲ್ ಫುಲ್ಲು.

ಬಂದದ್ದು ಬೇರೆಯೇ. ಕ್ಲೆಯೊ ಒಬ್ಬ ಗಾಯಕಿ. ಕ್ಯಾನ್ಸರ್ ಇದೆಯೋ ಇಲ್ಲವೋ, ಸಂಜೆ ಗೊತ್ತಾಗಬೇಕು. ಅಲ್ಲಿಯವರೆಗೆ ಪ್ಯಾರಿಸ್ಸಿನಲ್ಲಿ ಅಲೆಯುತ್ತಾಳೆ, ಅಷ್ಟೇ ಕಥೆ. ಹಿಂದಿನ ಬೆಂಚಿನವರು ಎದ್ದು ಕ್ಯಾಂಟೀನಿಗೆ ಹೋದರು. ನಾನೂ ಹೊರಡುವವನೇ. ಇಂಗ್ಲಿಷ್ ಮೇಡಂ ಬಾಗಿಲ ಹತ್ತಿರವೇ ಕೂತಿದ್ದರು, ಧೈರ್ಯ ಬರಲಿಲ್ಲ.

ರೀಲು ಬದಲಾಯಿಸುವಾಗ ಮೇಡಂ ಕೇಳಿದರು: “ಅವಳು ಇಲ್ಲಿವರೆಗೆ ಎಷ್ಟು ಸಲ ಕನ್ನಡಿ ನೋಡಿಕೊಂಡಳು, ಯಾರಾದ್ರೂ ಎಣಿಸಿದ್ರಾ?” ಯಾರೂ ಎಣಿಸಿರಲಿಲ್ಲ. “ಸರಿ, ಇನ್ಮೇಲೆ ಅವಳನ್ನ ನೋಡಬೇಡಿ. ಅವಳು ಏನು ನೋಡ್ತಾಳೆ, ಅದನ್ನ ನೋಡಿ.”

ಮುಂದೆ ಕ್ಲೆಯೊ ವಿಗ್ ಕಿತ್ತು, ಕಪ್ಪು ಬಟ್ಟೆ ಹಾಕಿಕೊಂಡು ಒಬ್ಬಳೇ ಬೀದಿಗಿಳಿಯುತ್ತಾಳೆ. ಕೆಫೆಯಲ್ಲಿ ತನ್ನದೇ ಹಾಡನ್ನು ಜೂಕ್‌ಬಾಕ್ಸಿಗೆ ಹಾಕುತ್ತಾಳೆ. ಯಾರೂ ಕಿವಿಗೊಡುವುದಿಲ್ಲ. ಎಲ್ಲರ ಕಣ್ಣೂ ತನ್ನ ಮೇಲೆಯೇ ಅಂದುಕೊಂಡಿದ್ದವಳು ಈಗ ಊರಿನವರ ಮುಖ ನೋಡಲು ಶುರುಮಾಡುತ್ತಾಳೆ. ಪಾರ್ಕಿನಲ್ಲಿ ಒಬ್ಬ ಸೈನಿಕ ಸಿಗುತ್ತಾನೆ. ಅವನು ಅಲ್ಜೀರಿಯಾ ಯುದ್ಧಕ್ಕೆ ಮರಳಬೇಕು. ಇಬ್ಬರ ಭಯವೂ ಒಂದೇ.

ಮುಂದಿನ ತಿಂಗಳು ಫ್ರೆಂಚ್ ನಿರ್ದೇಶಕ ಗೊದಾರ್‌ನ ‘ಕಂಟೆಂಪ್ಟ್’ (1963). ಈ ಸಲ ಹಾಸ್ಟೆಲಿಗೆ ಬೇಕಾದದ್ದು ಸಿಕ್ಕಿತು. ಶುರುವಿನಲ್ಲೇ ನಟಿ ಬ್ರಿಜಿತ್ ಬಾರ್ದೋ ಬೆತ್ತಲೆ ಮಲಗಿ, ಪಾದ ಚೆನ್ನಾಗಿದೆಯಾ, ಮಂಡಿ ಚೆನ್ನಾಗಿದೆಯಾ ಎಂದು ಗಂಡನನ್ನು ಒಂದೊಂದಾಗಿ ಕೇಳುತ್ತಾಳೆ. ಶಿಳ್ಳೆ ಬಿತ್ತು. ನಾನೂ ಹೊಡೆದೆ. ಲೈಟ್ ಹಾಕಿದ ಮೇಲೆ ಮೇಡಂ ಹೇಳಿದರು: ಆ ದೃಶ್ಯ ಮೊದಲು ಇರಲೇ ಇಲ್ಲ, ಬಾರ್ದೋ ಮೈ ಕಾಣಲೇಬೇಕು ಎಂದು ಅಮೆರಿಕದ ನಿರ್ಮಾಪಕ ಪಟ್ಟು ಹಿಡಿದಿದ್ದಕ್ಕೆ ಆಮೇಲೆ ಸೇರಿಸಿದ್ದು. ಕೇಳಿದ್ದನ್ನು ಗೊದಾರ್ ಕೊಟ್ಟ, ಆದರೆ ತೂಕಕ್ಕೆ ಹಾಕಿದ ಹಾಗೆ, ತುಂಡುತುಂಡಾಗಿ. ಅದು ಅಣಕವೋ, ಅಣಕದ ನೆಪದಲ್ಲಿ ಅದೇ ವ್ಯಾಪಾರವೋ, ನನಗೆ ಇವತ್ತಿಗೂ ಅನುಮಾನ. ವಾರ್ದಾ ಚಿತ್ರದ ಬಗ್ಗೆ ಆ ಅನುಮಾನ ಬರಲಿಲ್ಲ.

ಮೊದಲ ಸಂಜೆ ಹುಡುಗಿಯರು ಯಾರೂ ಬಂದಿರಲಿಲ್ಲ. ಅಂಥ ಕತ್ತಲೆ ಹಾಲಿಗೆ, ನಮ್ಮಂಥವರ ನಡುವೆ ಯಾರು ಬರ್ತಾರೆ, ಅಲ್ವಾ? ಮರುವರ್ಷ ಮೇಡಂ ಕ್ಲೆಯೊಳನ್ನು ಮತ್ತೆ ತರಿಸಿದರು. ಮುಂದಿನ ಎರಡು ಸಾಲು ಹುಡುಗಿಯರದೇ. ಕನ್ನಡಿ ಎಣಿಸಿದ್ದೂ ಅವರೇ. ನಾನು ಹಿಂದೆ ನಿಂತು ರೀಲು ಸುತ್ತುತ್ತಿದ್ದೆ.