ರಾಕಿ ಭಾಯ್ ನೋಡಿದ ಕಾರ್ನ್‌ವಾಲ್‌ನವರು

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಕೋಲಾರದವರಿಗೆ ಒಂದು ಅನುಕೂಲವಿದೆ. ನಮ್ಮೂರು ಎಲ್ಲಿದೆ ಅಂತ ಮ್ಯಾಪ್ ತೆಗೆದು ತೋರಿಸಬೇಕಾಗಿಲ್ಲ. ಕ್ಯಾಂಬೋರ್ನ್, ರೆಡ್‌ರೂತ್ ಕಡೆಯ ಹಳಬರಲ್ಲಿ ತಾತನೋ ಮುತ್ತಾತನೋ ಕೋಲಾರದ ಗಣಿಗೆ ಹೋಗಿದ್ದ ಕತೆ ಸಿಗುತ್ತದೆ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ನಮ್ಮಲ್ಲಿ ಚಿನ್ನ ತೆಗೆಯಲು ಬಂದಾಗ, ಇಲ್ಲಿ ತಾಮ್ರ, ತವರದ ಗಣಿಗಳು ಸೊರಗುತ್ತಿದ್ದವು. ಕೆಲಸ ಬಲ್ಲ ಕೈಗಳು ಹಡಗು ಹತ್ತಿದವು.

ಹಾಗಾಗಿ ಇಲ್ಲಿನ ನಮ್ಮ ಆಫೀಸಿನವರು ಸಬ್‌ಟೈಟಲ್ ಹಾಕಿಕೊಂಡು 'ಕೆಜಿಎಫ್' ಎರಡೂ ಭಾಗ ನೋಡಿದ ಮೇಲೆ ನನಗೆ ಊಟದ ಬಿಡುವೇ ಇಲ್ಲದಂತಾಯಿತು. ಇವರಿಗೆ ಗಣಿ ಕತೆ ಅಂದರೆ ಕಾರ್ನ್‌ವಾಲ್‌ನಲ್ಲೇ ನಡೆಯುವ ಬಿಬಿಸಿಯ ಧಾರಾವಾಹಿ 'ಪೋಲ್ಡಾರ್ಕ್'. 2015ರಲ್ಲಿ ಅದರ ನಾಯಕ ಅಂಗಿ ಬಿಚ್ಚಿ ಹುಲ್ಲು ಕೊಯ್ದದ್ದಕ್ಕೇ ವಾದ ಎದ್ದಿತ್ತು: ಹೆಣ್ಣಿನ ಮೈಯನ್ನು ಹೀಗೆ ತೋರಿಸಿದರೆ ತಪ್ಪು, ಗಂಡಿನದಾದರೆ ಮಜವೇ? ಮರುವರ್ಷ ಅದೇ ನಾಯಕ, ಬೇಡ ಅಂದ ಹಳೆಯ ಪ್ರೇಯಸಿಯ ಮೇಲೆರಗಿದಾಗ ಅದು ಪ್ರೇಮವೋ ಅತ್ಯಾಚಾರವೋ ಎಂದು ಪತ್ರಿಕೆಗಳಲ್ಲೂ ಜಗಳ. ಇಷ್ಟೆಲ್ಲ ಪಳಗಿದವರು ರಾಕಿ ಭಾಯ್‌ನನ್ನು ಸುಮ್ಮನೆ ಬಿಟ್ಟಾರೆಯೇ?

"ಆ ಹುಡುಗಿಗೆ ಇಷ್ಟವಿಲ್ಲದಿದ್ದರೂ ಗಣಿಗೆ ಕರೆದೊಯ್ದು ಇಟ್ಟುಕೊಳ್ತಾನಲ್ಲ, ಅದನ್ನ ನೋಡಿ ನೀವು ಶಿಳ್ಳೆ ಹೊಡೀತೀರಾ?" ಎಂದು ಸಹೋದ್ಯೋಗಿಯೊಬ್ಬಳು ನೇರವಾಗಿ ಕೇಳಿದಳು. ನಾನೂ ಹೊಡೆದವನೇ. ಎರಡನೇ ಭಾಗದಲ್ಲಿ ರವೀನಾ ಟಂಡನ್ ಪ್ರಧಾನಿ ಆಗಿಲ್ವಾ ಅಂದೆ. ಅವಳು ಜಗ್ಗಲಿಲ್ಲ. ಹಿಂದೆ ಕಾರ್ನ್‌ವಾಲ್‌ನ ಗಣಿಗಳ ಬಾಯಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದವರು ಹೆಂಗಸರು, ಹುಡುಗಿಯರು. ಅವರಿಗೆ 'ಬಾಲ್ ಮೇಡನ್' ಅನ್ನುತ್ತಿದ್ದರು. ಇವಳ ವಂಶದಲ್ಲೂ ಒಬ್ಬಳಿದ್ದಳಂತೆ. "ದುಡಿದ ಹೆಂಗಸರು ಯಾವ ಸಿನಿಮಾಗೂ ಕಾಣಲ್ಲ, ಹೀರೋ ತಾಯಿ ಮಾತ್ರ ಕಾಣ್ತಾಳೆ" ಅಂದಳು.

ಇದನ್ನು ನಮ್ಮೂರಿನವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಬೇಕಿತ್ತಾ ನನಗೆ! ಬಂಗಾರಪೇಟೆಯ ತಮ್ಮ ಕೆರಳಿದ. ಬಿಳಿಯರು ನಮಗೆ ಬುದ್ಧಿ ಹೇಳೋದಾ, ಕನ್ನಡ ಸಿನಿಮಾ ದೇಶವೆಲ್ಲ ಗೆದ್ದಿದ್ದು ನಿನಗೆ ಸಹಿಸೋಕಾಗ್ತಿಲ್ವಾ, ಅಂತ. ನಮ್ಮಲ್ಲಿ ಇದೇ ತೊಂದರೆ. ಪಾತ್ರದ ಬಗ್ಗೆ ಕೇಳಿದರೆ ನಟನಿಗೆ ಅವಮಾನ, ನಟನ ಬಗ್ಗೆ ಕೇಳಿದರೆ ನಾಡಿಗೆ ಅವಮಾನ.

ಗ್ರೂಪಿನಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಕಾರ್ಮಿಕರ ಲೈನಿನಲ್ಲೇ ಹುಟ್ಟಿ ಬೆಳೆದ ನನ್ನ ಗೆಳೆಯನೂ ಇದ್ದಾನೆ. ತಂದೆ ಗಣಿಯೊಳಗೆ ದುಡಿದವರು. ಅವನು ಇಬ್ಬರನ್ನೂ ಬಿಡಲಿಲ್ಲ. ಸಿನಿಮಾದಲ್ಲಿ ಚಿನ್ನ ಸಿಗುವುದೇ 1951ರಲ್ಲಿ. ಬ್ರಿಟಿಷರು ಎಪ್ಪತ್ತು ವರ್ಷ ಬಗೆದದ್ದು ಮಾಯ. ಉತ್ತರ ಆರ್ಕಾಟಿನ ಕಡೆಯಿಂದ ಬಂದು ಕೆಳಗಿಳಿದ ತಮಿಳು ಮಾತಾಡುವ ದಲಿತರೂ ಮಾಯ. ಅವರ ಜಾಗದಲ್ಲಿ ಉದ್ಧಾರಕನಿಗೆ ಕಾಯುವ ಮೂಕ ಗುಲಾಮರು. 1930ರಲ್ಲಿ ಬೆರಳಚ್ಚು ಕೊಡುವುದಿಲ್ಲ ಅಂತ ಮುಷ್ಕರ ಹೂಡಿ ಗಣಿ ನಿಲ್ಲಿಸಿದವರು ಈ ಜನ, ಯಾವ ಭಾಯ್‌ಗೂ ಕಾದವರಲ್ಲ. "ನಿನ್ನ ಆಫೀಸಿನವಳಿಗೂ ಕೇಳು," ಅಂದ, "ಅವರ ಕಡೆಯ ಗಣಿಗಾರರು ಇಲ್ಲಿ ಬಂಗಲೆಯಲ್ಲಿದ್ದರು, ನಮ್ಮವರು ತಟ್ಟಿ ಗುಡಿಸಲಲ್ಲಿ. ಅದರ ಸೀರಿಯಲ್ ಯಾವಾಗ?"

ಕೇಳಿದೆ. ಅವಳೂ ಸಿಟ್ಟಾದಳು. ತನ್ನವರೂ ಬಡ ಗಣಿಗಾರರೇ, ಧೂಳು ಕುಡಿದು ಎದೆರೋಗದಲ್ಲಿ ಸತ್ತವರು, ಮಾಲೀಕರಲ್ಲ ಅಂದಳು. ಅದೂ ನಿಜವೇ. ಆದರೆ ಅದೇ ಬಡವ ಹಡಗಿಳಿದ ಕೂಡಲೇ ಮೈಬಣ್ಣದಿಂದಲೇ ಮೇಲ್ವಿಚಾರಕನಾಗುತ್ತಿದ್ದ. ಹೆಂಗಸರ ವಿಷಯದಲ್ಲಿ ಅಷ್ಟು ಚುರುಕಾಗಿದ್ದವಳು ಇಲ್ಲಿ ತಡವರಿಸಿದಳು. ಪರದೆಯ ಮೇಲೆ ಯಾರ ಮುಖ ಇದೆ ಅಂತ ಲೆಕ್ಕ ಹಾಕುವುದು ಇಲ್ಲಿಯವರಿಗೆ ಸಲೀಸು, ಲಾಭ ಯಾರ ಮನೆ ಸೇರಿತು ಅನ್ನುವುದು ಅಷ್ಟು ಸಲೀಸಲ್ಲ ಅಂತ ನನಗನಿಸಿತು. ಇಷ್ಟಾದರೂ ಅವಳು ಮಾರನೆಯ ದಿನ ಮತ್ತೆ ವಾದಕ್ಕೆ ಬಂದಳು. ನನ್ನ ತಮ್ಮ ಗ್ರೂಪ್ ಬಿಟ್ಟು ಹೋಗಿದ್ದ.

ಅವನನ್ನು ವಾಪಸ್ ಸೇರಿಸಿದ್ದು ಚಾಂಪಿಯನ್ ರೀಫಿನವನೇ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರಲ್ಲ, ಆ ಹೆಂಗಸರ ಬಗ್ಗೆ ಚಾಪ್ಟರ್ ತ್ರೀ ಮಾಡಲಿ ಅಂತ ಬರೆದ.

"ಅದರಲ್ಲಿ ಫೈಟ್ ಎಲ್ಲಿರುತ್ತೆ?" ತಮ್ಮನ ಪ್ರಶ್ನೆ.

"ನಿಮ್ಮ ಬಂಗಾರಪೇಟೆ ಸ್ಟೇಷನ್ನಲ್ಲಿ, ಸೀಟಿಗೆ."