ಮರಳುಗಾಡಿನ ಚಿನ್ನದ ಗಣಿ, ಮತ್ತು ಅದನ್ನು ಕಂಡೆ ಅಂದವರು

ಕಳೆದುಹೋದ ಚಿನ್ನದ ಗಣಿಯ ಕತೆ ಯಾವ ದೇಶದ್ದೇ ಆಗಲಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತದೆ. ಮರಳುಗಾಡಿನಲ್ಲಿ ಒಬ್ಬನೇ ದಾರಿ ತಪ್ಪುತ್ತಾನೆ. ನೀರು ಮುಗಿದಿರುತ್ತದೆ. ಇನ್ನೇನು ಸತ್ತೆ ಅನ್ನುವಾಗ ಕಾಲಿಗೆ ಏನೋ ಎಡವುತ್ತದೆ, ಬಗ್ಗಿ ನೋಡಿದರೆ ಚಿನ್ನ. ಜೇಬಿಗೆ ತುರುಕಿಕೊಂಡು ಹೇಗೋ ಬದುಕಿ ಬರುತ್ತಾನೆ. ಆಮೇಲೆ ಎಷ್ಟು ಸಲ ಹೋಗಿ ಹುಡುಕಿದರೂ ಆ ಜಾಗ ಮಾತ್ರ ಸಿಗುವುದಿಲ್ಲ.

ನನಗೆ ಈ ಕತೆಗಳ ಹುಚ್ಚು ಸ್ವಲ್ಪ ಜಾಸ್ತಿಯೇ. ಆದರೆ ಚಿನ್ನ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಕತೆ ಹೇಳಿದವನು ಎಂಥವನು ಅನ್ನುವುದೇ ಕಾಡುತ್ತದೆ. ಬೇಕಂತಲೇ ಸುಳ್ಳು ಹೇಳಿದನಾ? ಇಲ್ಲಾ ತಾನೂ ನಂಬಿಬಿಟ್ಟಿದ್ದನಾ?

ಎಲ್ಲಕ್ಕಿಂತ ಹೆಸರಾದದ್ದು ಅಮೆರಿಕದ ಅರಿಜೋನಾದ ‘ಲಾಸ್ಟ್ ಡಚ್‌ಮನ್’ ಗಣಿ. ಫೀನಿಕ್ಸ್ ಊರಿನ ಪೂರ್ವಕ್ಕೆ ಸೂಪರ್‌ಸ್ಟಿಷನ್ ಅನ್ನುವ ಬೆಟ್ಟಸಾಲಿದೆ. ಮರಳಿನ ದಿಬ್ಬಗಳನ್ನು ಕಲ್ಪಿಸಿಕೊಳ್ಳಬೇಡಿ, ಅಲ್ಲಿರುವುದು ಕಡಿದಾದ ಬಂಡೆ, ಕಣಿವೆ, ಆಳೆತ್ತರದ ಕಳ್ಳಿ. ಜರ್ಮನಿಯಿಂದ ಬಂದಿದ್ದ (ಆಗ ಅಲ್ಲಿ ಜರ್ಮನ್ನರನ್ನೂ ‘ಡಚ್’ ಅನ್ನುತ್ತಿದ್ದರು) ಜೇಕಬ್ ವಾಲ್ಟ್ಜ್ ಎಂಬ ಮುದುಕ ಈ ಬೆಟ್ಟದಲ್ಲೆಲ್ಲೋ ತನ್ನ ಗಣಿ ಇದೆ ಅನ್ನುತ್ತಿದ್ದನಂತೆ. 1891ರಲ್ಲಿ ಸಾಲ್ಟ್ ನದಿಗೆ ಪ್ರವಾಹ ಬಂದು ಅವನ ಮನೆ ಹಾಳಾಯಿತು, ಕಾಯಿಲೆ ಬಿದ್ದ, ಅಕ್ಟೋಬರ್‌ನಲ್ಲಿ ತೀರಿಕೊಂಡ. ಆರೈಕೆ ಮಾಡಿದವಳು ಜೂಲಿಯಾ ಥಾಮಸ್ ಎಂಬ ಬೇಕರಿಯವಳು. ಸಾಯುವ ಮುಂಚೆ ಅವಳಿಗೆ ದಾರಿ ಹೇಳಿದ, ಅವನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಚಿನ್ನದ ಅದಿರಿತ್ತು ಅಂತೆಲ್ಲ ಹೇಳುತ್ತಾರೆ. ಮರುವರ್ಷ ಬೇಸಿಗೆಯ ಉರಿಯಲ್ಲೇ ಆಕೆ ಜೊತೆಗೆ ಇಬ್ಬರನ್ನು ಕಟ್ಟಿಕೊಂಡು ಹುಡುಕಲು ಹೋದಳು. ಬರಿಗೈಲಿ ಬಂದಳು. ಆಮೇಲೆ ಗಣಿಯ ನಕ್ಷೆ ಬರೆದು ಮಾರಲು ಶುರು ಮಾಡಿದಳಂತೆ. ನನಗೇನೋ ಇದರಲ್ಲಿ ಗ್ಯಾರಂಟಿ ಆದಾಯ ಕೊಟ್ಟಿದ್ದು ನಕ್ಷೆಯ ವ್ಯಾಪಾರ ಒಂದೇ ಅನ್ನಿಸುತ್ತದೆ.

ಈ ನಕ್ಷೆಗಳು ಸುಮ್ನೆ ತಮಾಷೆಯಲ್ಲ, ಜನ ಸತ್ತಿದ್ದಾರೆ. 1931ರ ಜೂನ್‌ನಲ್ಲಿ ಅಡಾಲ್ಫ್ ರೂತ್ ಎಂಬ ವಯಸ್ಸಾದ ಮನುಷ್ಯ, ಸರಿಯಾಗಿ ನಡೆಯಲೂ ಆಗದವನು, ಒಂದು ಹಳೆಯ ನಕ್ಷೆ ಹಿಡಿದು ವಾಷಿಂಗ್ಟನ್‌ನಿಂದ ಅಲ್ಲಿಗೆ ಬಂದ. ಅದೇ ಡಿಸೆಂಬರ್‌ನಲ್ಲಿ ಅವನ ತಲೆಬುರುಡೆ ಸಿಕ್ಕಿತು, ಅದರಲ್ಲಿ ತೂತುಗಳಿದ್ದವು. ಗುಂಡೇಟು ಅಂದವರಿದ್ದಾರೆ, ಬಾಯಾರಿಕೆಯಿಂದಲೇ ಸತ್ತ ಅಂದವರೂ ಇದ್ದಾರೆ. ಪತ್ರಿಕೆಗಳಿಗೆ ಇನ್ನೇನು ಬೇಕು? ಡಚ್‌ಮನ್ ಕತೆ ದೇಶವೆಲ್ಲ ಹಬ್ಬಿದ್ದು ಆಗಲೇ. 2010ರ ಜುಲೈನಲ್ಲೂ ಮೂವರು ಹೋಗಿ ವಾಪಸ್ ಬರಲಿಲ್ಲ. ಜುಲೈನಲ್ಲಿ ಅಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಶಾಪ-ಭೂತ ಅಂತ ಬೇರೆ ಕಾರಣ ಹುಡುಕಬೇಕಾಗಿಯೇ ಇಲ್ಲ.

ತಮಾಷೆ ಅಂದರೆ ಅದೇ ಬೆಟ್ಟದ ಬುಡದಲ್ಲಿ ನಿಜವಾಗಿಯೂ ಚಿನ್ನ ಸಿಕ್ಕಿದೆ! 1890ರ ದಶಕದಲ್ಲಿ ಗೋಲ್ಡ್‌ಫೀಲ್ಡ್ ಎಂಬ ಊರೇ ಎದ್ದಿತು, ಅಗೆದರು, ಕೆಲವೇ ವರ್ಷದಲ್ಲಿ ಮುಗಿಯಿತು, ಜನ ಊರು ಬಿಟ್ಟರು. ಅದರ ಬಗ್ಗೆ ಯಾರೂ ರಾತ್ರಿ ಕೂತು ಕತೆ ಹೇಳುವುದಿಲ್ಲ. ಬೆಟ್ಟದೊಳಗಿನ ಬಂಡೆ ಬಹುಪಾಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು, ಅಲ್ಲಿ ದೊಡ್ಡ ಗಣಿ ಇರುವ ಸಂಭವ ಕಡಿಮೆ ಅನ್ನುತ್ತಾರೆ ಭೂವಿಜ್ಞಾನಿಗಳು. ಹೋಗಲಿ, ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದು ಸಂರಕ್ಷಿತ ಪ್ರದೇಶ. 1984ರಿಂದ ಅಲ್ಲಿ ಹೊಸದಾಗಿ ಗಣಿ ಹಕ್ಕು ಪಡೆಯುವಂತಿಲ್ಲ. ಹಾಗಂತ ಹುಡುಕುವವರೇನು ನಿಂತಿಲ್ಲ.

ಆದರೆ ಒಂದು ಮಾತು. ಮರಳುಗಾಡಿನಲ್ಲಿ ಚಿನ್ನ ಕಂಡು ಮತ್ತೆ ಆ ಜಾಗ ಸಿಗದೇ ಹೋಗುವುದು ಅಸಾಧ್ಯವೇನಲ್ಲ. ಮಣ್ಣು ಕಡಿಮೆ, ಗಿಡ ಕಡಿಮೆ, ಬಂಡೆ ಬೆತ್ತಲೆಯಾಗಿ ನಿಂತಿರುತ್ತದೆ, ಹಾಗಾಗಿ ಚಿನ್ನ ಹೆಚ್ಚಾಗಿ ಅಡಗಿರುವ ಬಿಳಿ ಸ್ಫಟಿಕ ಶಿಲೆಯ ಪಟ್ಟೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಆದರೆ ಬೆಳಿಗ್ಗೆ ಕಂಡ ಗುಡ್ಡ ಸಂಜೆಯ ನೆರಳಿನಲ್ಲಿ ಬೇರೆಯದೇ ಗುಡ್ಡ. ಒಂದು ಜೋರು ಮಳೆ ಬಂದರೆ ಒಣಹಳ್ಳದ ಪಾತ್ರವೇ ಬದಲಾಗುತ್ತದೆ. ಜೊತೆಗೆ ನೋಡಿದವನು ಬಾಯಾರಿ ಅರೆಪ್ರಜ್ಞೆಯಲ್ಲಿದ್ದ ಅಂದಮೇಲೆ ಯಾವ ಗುರುತು ತಾನೇ ನೆನಪಿರುತ್ತೆ?

ಆಸ್ಟ್ರೇಲಿಯಾದ ಹೆರಾಲ್ಡ್ ಲ್ಯಾಸೆಟರ್ ಕತೆ ಓದಿದಾಗಲೆಲ್ಲ ನನಗೆ ತಲೆ ಕೆಡುತ್ತದೆ. 1929ರಲ್ಲಿ ಅವನು ಸಂಸದರೊಬ್ಬರಿಗೆ ಕಾಗದ ಬರೆದ: ದೇಶದ ಮಧ್ಯದ ಮರಳುಗಾಡಿನಲ್ಲಿ 14 ಮೈಲಿ ಉದ್ದದ ಚಿನ್ನದ ಪದರ ಕಂಡಿದ್ದೇನೆ, 18 ವರ್ಷದ ಹಿಂದೆ. ಮರುವರ್ಷ ಸಿಡ್ನಿಯಲ್ಲಿ ಕತೆ ಹೇಳುವಾಗ ಅದು 1897 ಆಗಿತ್ತು, ಅಂದರೆ ಅವನಿಗೆ ಹದಿನೇಳು ವರ್ಷ. ಆಮೇಲೆ ಒಬ್ಬ ಸರ್ವೆಯವನ ಜೊತೆ ಮತ್ತೆ ಅಲ್ಲಿಗೆ ಹೋಗಿ ಜಾಗದ ಲೆಕ್ಕ ತೆಗೆದೆವು, ಆದರೆ ಇಬ್ಬರ ಗಡಿಯಾರವೂ ತಪ್ಪಾಗಿತ್ತು ಅಂದ. ಈ ವಿವರ ನನಗೆ ಬಹಳ ಇಷ್ಟ, ಯಾಕಂದ್ರೆ ಅದರಲ್ಲಿ ಹುರುಳಿದೆ. ಆಗ ರೇಖಾಂಶ ತಿಳಿಯಲು ಗಡಿಯಾರ ನಂಬಲೇಬೇಕಿತ್ತು, ನಾಲ್ಕು ನಿಮಿಷ ತಪ್ಪಿದರೆ ಒಂದು ಡಿಗ್ರಿ ತಪ್ಪುತ್ತದೆ, ಆ ಭಾಗದಲ್ಲಿ ಅದು ಹತ್ತಿರಹತ್ತಿರ 100 ಕಿ.ಮೀ. ಅಂದರೆ ಗಣಿಯೂ ಇದೆ, ಸಿಗದಿರಲು ಕಾರಣವೂ ಇದೆ. ಎಂಥ ಅಚ್ಚುಕಟ್ಟು ಅಲ್ವಾ?

ಕೆಲಸವಿಲ್ಲದೆ ಜನ ಕಂಗಾಲಾಗಿದ್ದ ಕಾಲ. ಒಂದು ಕಂಪನಿಯೇ ಹುಟ್ಟಿತು, ದುಡ್ಡು ಸೇರಿತು, 1930ರಲ್ಲಿ ಲಾರಿ, ವಿಮಾನ ಎಲ್ಲ ಹೊರಟವು. ವಿಮಾನ ಬಿತ್ತು, ಲಾರಿ ಮುಂದೆ ಹೋಗಲಿಲ್ಲ, ತಂಡದ ನಾಯಕ ‘ಇವನು ಮೋಸಗಾರ’ ಅಂತ ತೀರ್ಮಾನಿಸಿ ವಾಪಸ್ ಹೊರಟ. ಬರೀ ಸುಳ್ಳುಗಾರ ಆಗಿದ್ದರೆ ಅಲ್ಲಿಗೆ ಬಿಟ್ಟು ಮನೆಗೆ ಹೋಗುತ್ತಿದ್ದ. ಲ್ಯಾಸೆಟರ್ ಒಂಟೆ ಇಟ್ಟುಕೊಂಡಿದ್ದ ಒಬ್ಬನ ಜೊತೆ ಮುಂದೆ ಹೋದ. ಅವನ ಜೊತೆಗೂ ಜಗಳವಾಯಿತು, ಅವನೂ ಬಿಟ್ಟ. ಕೊನೆಗೆ ಒಂಟೆಗಳೂ ಸಾಮಾನು ಹೊತ್ತು ಓಡಿಹೋದವು. ಅಲ್ಲಿನ ಮೂಲನಿವಾಸಿಗಳು ಕೊಟ್ಟದ್ದು ತಿಂದುಕೊಂಡು ಕೆಲವು ದಿನ ಒಂದು ಗುಹೆಯಲ್ಲಿದ್ದ, 1931ರ ಜನವರಿಯ ಹೊತ್ತಿಗೆ ಸತ್ತ. ಮಾರ್ಚ್‌ನಲ್ಲಿ ಬಾಬ್ ಬಕ್ ಎಂಬವನಿಗೆ ಅವನ ಶವ ಸಿಕ್ಕಿತು. ಡೈರಿಯೂ ಸಿಕ್ಕಿತು. ಚಿನ್ನದ ಜಾಗ ಮತ್ತೆ ಕಂಡೆ, ಇದು ನನ್ನದು ಅಂತ ಗುರುತಿಗೆ ಗೂಟ ಹೊಡೆದಿದ್ದೇನೆ ಅಂತ ಬರೆದಿದ್ದಾನೆ. ಕೋಟಿಗಟ್ಟಲೆಯ ಆ ಚಿನ್ನವನ್ನೆಲ್ಲ ಒಂದು ಬ್ರೆಡ್ಡಿಗೆ ಕೊಟ್ಟುಬಿಡುತ್ತೇನೆ ಅಂತಲೂ ಇದೆ. ಹಸಿದು ಸಾಯುತ್ತಿರುವವನು ಯಾರನ್ನು ಮೋಸ ಮಾಡಲು ಹಾಗೆ ಬರೆಯುತ್ತಾನೆ? ಗಣಿ ಇತ್ತು ಅಂತ ನಾನು ನಂಬುವುದಿಲ್ಲ. ಆದರೆ ಇದೆ ಅಂತ ಅವನು ನಂಬಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ.

ಇವನಿಗೆ ಪೂರ್ತಿ ಉಲ್ಟಾ ಅಂದರೆ ಕ್ಯಾಲಿಫೋರ್ನಿಯಾದ ‘ಪೆಗ್‌ಲೆಗ್’ ಸ್ಮಿತ್. ಒಂದು ಕಾಲಿಗೆ ಮರದ ಕಾಲು, ಕಸುಬು ಕುದುರೆ ಕಳ್ಳತನ. ಮರಳುಗಾಡಿನ ಗುಡ್ಡದ ಮೇಲೆ ಕಪ್ಪು ಕಲ್ಲು ಹೆಕ್ಕಿದೆ, ಕೆರೆದು ನೋಡಿದರೆ ಒಳಗೆ ಚಿನ್ನ ಅನ್ನುವುದು ಇವನ ಕತೆ. ಮರಳುಗಾಡಿನ ಕಲ್ಲುಗಳ ಮೇಲೆ ಮ್ಯಾಂಗನೀಸ್, ಕಬ್ಬಿಣದ ಕಪ್ಪು ಪೊರೆ ಕಟ್ಟುವುದು ನಿಜ, ಹಾಗಾಗಿ ಕೇಳುವವರಿಗೆ ಇರಬಹುದೇನೋ ಅನ್ನಿಸುತ್ತಿತ್ತು. ಯಾರಾದರೂ ಕುಡಿಸಿದರೆ ಕತೆಗೆ ಇನ್ನಷ್ಟು ರೆಕ್ಕೆಪುಕ್ಕ. 1866ರಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ಸತ್ತ. ಅವನು ಹೇಳಿದ ಜಾಗ ಅಂತ ನಂಬುವ ಬೊರೆಗೊ ಸ್ಪ್ರಿಂಗ್ಸ್ ಹತ್ತಿರ ಈಗ ಒಂದು ಕಲ್ಲಿನ ರಾಶಿಯಿದೆ, ಪಕ್ಕದಲ್ಲೇ ಬೋರ್ಡು: ಪೆಗ್‌ಲೆಗ್‌ನ ಚಿನ್ನ ಹುಡುಕುವವರು ಈ ರಾಶಿಗೆ ಹತ್ತು ಕಲ್ಲು ಸೇರಿಸಬೇಕು. ಏಪ್ರಿಲ್ ಒಂದರ ಆಸುಪಾಸಿನ ಶನಿವಾರ ಅಲ್ಲೇ ಸುಳ್ಳು ಹೇಳುವ ಸ್ಪರ್ಧೆ ನಡೆಸುವ ಸಂಪ್ರದಾಯವೂ ಇದೆ. ಸ್ಮಿತ್ ಬದುಕಿದ್ದರೆ ಬಹುಮಾನ ಬೇರೆಯವರ ಪಾಲಾಗುತ್ತಿತ್ತು ಅಂತ ನನಗನ್ನಿಸುವುದಿಲ್ಲ.