ಗಂಬೂಟು ಹಾಕಿಕೊಂಡು ಬೇಲಿ ಮುಟ್ಟಿದ್ದು

ನಾವು ಹಾಕಿದ ಕರೆಂಟ್ ಬೇಲಿಯನ್ನು ಗಿರಾಕಿಗೆ ಒಪ್ಪಿಸುವ ಹ್ಯಾಂಡೋವರ್ ದಿನ, ಅದನ್ನು ಮುಟ್ಟಿ ತೋರಿಸುವುದು ನನ್ನ ಹಳೇ ಚಾಳಿ. "ನೋಡಿ, ಟಕ್ ಅನ್ನುತ್ತೆ ಅಷ್ಟೇ" ಅಂದರೆ ಗಿರಾಕಿಗೆ ಧೈರ್ಯ ಬರುತ್ತದೆ, ಬಿಲ್ ಬೇಗ ಪಾಸಾಗುತ್ತದೆ. ಅವತ್ತೂ ತೋರಿಸಿದೆ. ನನ್ನ ಕಾಲಲ್ಲಿ ಒಣ ಗಂಬೂಟು ಇತ್ತು. ಮಾಲೀಕರ ಐದು ವರ್ಷದ ಮಗ ಬರಿಗಾಲಲ್ಲಿ, ಹಸಿ ನೆಲದ ಮೇಲೆ ನಿಂತು ಕಣ್ಣರಳಿಸಿ ನೋಡುತ್ತಿದ್ದ. ಆ ವ್ಯತ್ಯಾಸ ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಅರ್ಧ ಗಂಟೆಯಲ್ಲಿ ಅವನ ಚೆಂಡು ಬೇಲಿಯಾಚೆ ಉರುಳಿತು. ಹುಡುಗ ತಂತಿಯಡಿ ನುಸುಳಿದ. ಹಂದಿಗೆ ಅಂತ ಕೆಳಗಿನ ಲೈನನ್ನೂ ಲೈವ್ ಮಾಡಿದ್ದೆವು. ಅಂಗಿ ಕಾಲರ್ ಕಂಬಕ್ಕೆ ತಂತಿ ಹಿಡಿಸುವ ಇನ್ಸುಲೇಟರ್‌ಗೆ ಸಿಕ್ಕಿಕೊಂಡಿತು, ತಂತಿ ಕುತ್ತಿಗೆ ಮೇಲೆ ಕೂತಿತು.

ಕಿರುಚಿದ್ದು ಕೇಳಿ ನಾನು ಅವನ ಕಡೆ ಓಡಲಿಲ್ಲ. ಬೇಲಿಯ ಸ್ವಿಚ್ ಇರುವ ಬಾಕ್ಸ್ ಕಡೆ ಓಡಿದೆ. ಆಫ್ ಮಾಡಿದರೆ ಮುಗೀತಲ್ವಾ! ಆದರೆ ಬಾಕ್ಸಿಗೆ ಬೀಗ. ಮಕ್ಕಳು ಕೈ ಹಾಕಬಾರದು ಅಂತ ಹಾಕಿಸಿದ್ದೂ ನಾನೇ. ಕೀ ಮಾಲೀಕರ ಜೇಬಲ್ಲಿ, ಮಾಲೀಕರು ತೋಟದ ಆ ತುದಿಯಲ್ಲಿ. ಒಳಗೆ ಬೇಲಿಗೆ ಕರೆಂಟ್ ಬಿಡುವ ಎನರ್ಜೈಸರ್ ಟಕ್, ಟಕ್ ಅನ್ನುತ್ತಲೇ ಇತ್ತು. ಸೆಕೆಂಡಿಗೊಂದು. ಪ್ರತಿ ಟಕ್ಕಿಗೂ ಹುಡುಗನ ಕೂಗು. ಸುಮ್ನೆ ಬೀಗ ಜಗ್ಗುತ್ತಾ ನಿಂತೆ. ಎಷ್ಟು ಟಕ್ ಹೋದವೋ ಎಣಿಸಲಿಲ್ಲ, ಆದರೆ ಇವತ್ತಿಗೂ ಆ ಸದ್ದು ಕೇಳಿದರೆ ಹೊಟ್ಟೆ ಕಿವುಚುತ್ತದೆ.

ನಮ್ಮ ಹೆಲ್ಪರ್ ಹುಡುಗ ನನಗಿಂತ ಜಾಣ. ಪ್ಲಾಸ್ಟಿಕ್ ಕಂಬ ಕಿತ್ತು, ತಂತಿಯಡಿ ತೂರಿಸಿ ಮೇಲೆತ್ತಿದ. "ಅಣ್ಣಾ, ಬನ್ನಿ, ಎಳೀರಿ!" ಓಡಿ ಬಂದು ಕಾಲು ಹಿಡಿದು ಎಳೆದೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಸಂಜೆವರೆಗೆ ಇಟ್ಟುಕೊಂಡು ಕಳಿಸಿದರು. ಅಲ್ಲಿ ಅವನ ತಾಯಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ನಾವು ಸೈಟಲ್ಲಿ ಹೇಳುವುದು ಪೂರಾ ಸುಳ್ಳಲ್ಲ. ಏಳೆಂಟು ಕಿಲೋವೋಲ್ಟ್ ಇದ್ದರೂ ಪಲ್ಸ್, ಅಂದರೆ ಕರೆಂಟಿನ ಒಂದೊಂದು ಟಕ್, ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಎರಡು ಪಲ್ಸ್ ನಡುವೆ ಕೈ ತೆಗೆಯಬಹುದು. ನೇರ ಮೇನ್ಸ್, ಅಂದರೆ ಮನೆಯ ಕರೆಂಟನ್ನೇ ಕೊಟ್ಟ ಬೇಲಿಯಾದರೆ ಆ ಅವಕಾಶವೇ ಇಲ್ಲ, ಪ್ರಾಣ ಹೋಗುತ್ತದೆ. ಆದರೆ ಸಿಕ್ಕಿಕೊಂಡವನಿಗೆ ಈ ಗ್ಯಾಪ್ ಕಟ್ಟಿಕೊಂಡು ಏನಾಗಬೇಕು? ಮುಳ್ಳುತಂತಿಗೆ ಪಲ್ಸ್ ಕೊಡಬಾರದು ಅನ್ನುವುದೂ ಇದಕ್ಕೇ. ತಲೆ, ಕುತ್ತಿಗೆಗೆ ತಾಗಬಾರದು ಅಂತ ನಾನೇ ಹೊಸಬರಿಗೆ ಪಾಠ ಮಾಡುತ್ತೇನೆ. ನಮ್ಮ ಮೊಣಕಾಲಿಗೆ ಬರುವ ತಂತಿ ತೆವಳುವ ಮಗುವಿಗೆ ಎಲ್ಲಿ ತಾಗುತ್ತದೆ ಅಂತ ಮಾತ್ರ ಬಗ್ಗಿ ನೋಡಿರಲಿಲ್ಲ.

ಈಗ ಮನೆ ಕಡೆಯ ಸಾಲಿನಲ್ಲಿ ಕೆಳಗಿನ ಲೈನ್ ಡೆಡ್ ಬಿಡುತ್ತೇನೆ. ಒಳಗಡೆ ಮಕ್ಕಳು ದಾಟದಂತೆ ಸಾದಾ ಬೇಲಿ ಇರಲೇಬೇಕು. ಬೇಲಿಯ ಕರೆಂಟ್ ಕಡಿಯುವ ಕಟ್‌ಔಟ್ ಸ್ವಿಚ್ ಬಾಕ್ಸಿನ ಹೊರಗೆ, ದೊಡ್ಡವರ ಕೈಗೆ ಮಾತ್ರ ಎಟುಕುವ ಎತ್ತರದಲ್ಲಿ. ಕೊಟೇಶನ್‌ನಲ್ಲಿ ಮ್ಯಾನೇಜರ್ ಮೊದಲು ಕತ್ತರಿ ಹಾಕುವುದೇ ಆ ಸ್ವಿಚ್‌ಗೆ. "ಹಳದಿ ಬೋರ್ಡ್ ಇದೆಯಲ್ರೀ" ಅಂತಾರೆ. ಸಾರ್, ಅದನ್ನು ಓದಲು ಮೊದಲು ಅಕ್ಷರ ಬರಬೇಕು.

ಮುಂದಿನ ಸರ್ವೀಸ್‌ಗೆ ಹೋದಾಗ ಹುಡುಗ ಅಪ್ಪನ ಗಂಬೂಟಿನೊಳಗೆ ತೊಡೆವರೆಗೂ ಮುಳುಗಿಕೊಂಡು ಎದುರಿಗೆ ಬಂದು ನಿಂತ. ಗುಟ್ಟು ಯಾರೋ ಹೇಳಿಕೊಟ್ಟಿರಬೇಕು.

"ಅಂಕಲ್, ಈಗ ಮುಟ್ಲಾ?"